ಔಲ್ ಆಂಟಾಲಜಿಯಲ್ಲಿ ಸಂಬಂಧಗಳು ದಾರಿ ತಪ್ಪಿದಾಗ: ಯಕ್ಷಗಾನ ಮೇಳಗಳ ದತ್ತಾಂಶದ ಮೇಲೆ ಒಂದು ದೋಷ ನಿವಾರಣೆ ಕೈಪಿಡಿ

ಮಂಗಳೂರು, ಉಡುಪಿ ಕಡೆಯ ಯಕ್ಷಗಾನ ಮೇಳಗಳ ತಿರುಗಾಟದ ವಿವರಗಳನ್ನು ರಿಲೇಷನಲ್ ಡೇಟಾಬೇಸಿನಲ್ಲಿ ಇಟ್ಟುಕೊಂಡವರು ಅದೇ ಮಾಹಿತಿಯನ್ನು ಸೆಮ್ಯಾಂಟಿಕ್ ವೆಬ್‌ನ ಆಂಟಾಲಜಿ (ವಸ್ತುಗಳ ವರ್ಗಗಳನ್ನೂ ಸಂಬಂಧಗಳನ್ನೂ ತರ್ಕದ ನಿಯಮಗಳಾಗಿ ಬರೆದ ಮಾದರಿ) ಭಾಷೆಯಾದ ಔಲ್‌ಗೆ ತಂದಾಗ ಕಾಣಿಸಿಕೊಳ್ಳುವ ದೋಷಗಳನ್ನು ಹೇಗೆ ಪತ್ತೆಹಚ್ಚಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಕೋಷ್ಟಕಗಳು ಹೆಚ್ಚೇನಿಲ್ಲ: ಮೇಳ, ಕಲಾವಿದ, ಪ್ರಸಂಗ, ಪಾತ್ರ, ಪ್ರದರ್ಶನ, ಸ್ಥಳ. ಇವುಗಳನ್ನು ಆಂಟಾಲಜಿಯ ವರ್ಗಗಳನ್ನಾಗಿ ಮಾಡುವುದು ಸುಲಭದ ಕೆಲಸ. ತೊಂದರೆ ಇರುವುದೆಲ್ಲ ಅವುಗಳ ನಡುವೆ ಎಳೆದ ಗೆರೆಗಳಲ್ಲಿ.

ಪೀಟರ್ ಚೆನ್ 1976ರಲ್ಲಿ ಮುಂದಿಟ್ಟ ಎಂಟಿಟಿ-ರಿಲೇಷನ್‌ಶಿಪ್ ಚಿತ್ರದಲ್ಲಿ ಎರಡು ವಸ್ತುಗಳ ನಡುವಿನ ಗೆರೆಯ ಮೇಲೆ ‘ಒಂದಕ್ಕೆ ಒಂದು’, ‘ಒಂದಕ್ಕೆ ಹಲವು’ ಎಂದು ಬರೆದರೆ, ಡೇಟಾಬೇಸಿನಲ್ಲಿ ಅದು ತಡೆಯಾಗಿ ಕೆಲಸ ಮಾಡುತ್ತದೆ. ನಿಯಮಕ್ಕೆ ಹೊಂದದ ಸಾಲನ್ನು ಡೇಟಾಬೇಸ್ ಒಳಗೆ ಬಿಡುವುದೇ ಇಲ್ಲ. ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ 2004ರಲ್ಲಿ ಶಿಫಾರಸು ಮಾಡಿದ, 2009ರಲ್ಲಿ ಎರಡನೆಯ ಆವೃತ್ತಿಗೆ ಏರಿಸಿದ ಔಲ್‌ನಲ್ಲಿ ಅದೇ ಗೆರೆಯನ್ನು ಅದೇ ಮಾತುಗಳಲ್ಲಿ ಬರೆದರೆ ಅದು ಯಾವುದನ್ನೂ ತಡೆಯುವುದಿಲ್ಲ. ಕೊಟ್ಟ ಮಾಹಿತಿ ಎಲ್ಲವೂ ನಿಜವೆಂದು ಒಪ್ಪಿಕೊಂಡು, ಈ ನಿಯಮವೂ ನಿಜವಾಗಬೇಕಾದರೆ ಇನ್ನೇನು ನಿಜವಾಗಿರಬೇಕು ಎಂದು ರೀಸನರ್, ಅಂದರೆ ಬರೆದ ಹೇಳಿಕೆಗಳಿಂದ ಹೊಸ ಹೇಳಿಕೆಗಳನ್ನು ತರ್ಕಿಸುವ ತಂತ್ರಾಂಶ, ತೀರ್ಮಾನಿಸುತ್ತದೆ. ಆದ್ದರಿಂದ ಇಲ್ಲಿನ ದೋಷಗಳಲ್ಲಿ ಹೆಚ್ಚಿನವು ಎಚ್ಚರಿಕೆಯ ಸಂದೇಶವಾಗಿ ಬರುವುದಿಲ್ಲ. ಯಾರೂ ಬರೆಯದ, ಆದರೆ ತರ್ಕಕ್ಕೆ ಸರಿಯಾಗಿಯೇ ಇರುವ ತಪ್ಪು ಮಾಹಿತಿಯಾಗಿ ಕ್ವೆರಿಯ ಉತ್ತರದಲ್ಲಿ ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ದೋಷ ಯಾವ ಹಂತದ್ದು ಎಂದು ಮೊದಲು ಬೇರ್ಪಡಿಸುವುದು

ತಪ್ಪು ಉತ್ತರ ಕೊಟ್ಟ, ಸ್ಪಾರ್ಕಲ್ ಎಂಬ ಪ್ರಶ್ನೆ ಭಾಷೆಯ ಕ್ವೆರಿಯನ್ನು ರೀಸನರ್ ನಿಲ್ಲಿಸಿ, ಬರೆದಿಟ್ಟ ಟ್ರಿಪಲ್‌ಗಳ (ವಸ್ತು, ಸಂಬಂಧ, ವಸ್ತು ಎಂಬ ಮೂರು ಭಾಗದ ಹೇಳಿಕೆಗಳ) ಮೇಲಷ್ಟೇ ಇನ್ನೊಮ್ಮೆ ಓಡಿಸಬೇಕು. ತಪ್ಪು ಮಾಯವಾದರೆ ದೋಷ ನಿಯಮಗಳಲ್ಲಿದೆ. ತಪ್ಪು ಹಾಗೆಯೇ ಉಳಿದರೆ ದೋಷ ದತ್ತಾಂಶದಲ್ಲಿ, ಕೋಷ್ಟಕದಿಂದ ಟ್ರಿಪಲ್‌ಗೆ ತಿರುಗಿಸಿದ ಮ್ಯಾಪಿಂಗ್‌ನಲ್ಲಿ ಅಥವಾ ಸಂಬಂಧವನ್ನು ಒಡೆದು ಬರೆದ ರೀತಿಯಲ್ಲಿದೆ. ಬರಬೇಕಾದ ಉತ್ತರವೇ ಬಾರದಿದ್ದಾಗ ಮಾತ್ರ ಈ ಪರೀಕ್ಷೆ ಸಾಲದು. ಅದಕ್ಕೆ ಬೇರೆ ದಾರಿಯನ್ನು ಕೊನೆಯ ಭಾಗಗಳಲ್ಲಿ ಹೇಳಲಾಗಿದೆ. ಈ ಬೇರ್ಪಡಿಕೆಗೆ ಮೊದಲೇ ನಿಯಮಗಳನ್ನು ತಿದ್ದಲು ಹೊರಡುವುದು ಸಾಮಾನ್ಯವಾಗಿ ಒಂದು ದೋಷವನ್ನು ಎರಡು ಮಾಡುವ ಕೆಲಸವೇ ಸರಿ.

ಎರಡು ಮೇಳಗಳು ಒಂದೇ ಆಗಿಬಿಡುವುದು

ಲಕ್ಷಣ ಹೀಗಿರುತ್ತದೆ. ಒಂದು ಮೇಳದ ಪ್ರದರ್ಶನಗಳ ಪಟ್ಟಿ ಕೇಳಿದರೆ ಇನ್ನೊಂದು ಮೇಳದ ಪ್ರದರ್ಶನಗಳೂ ಅದರಲ್ಲಿ ಬರುತ್ತವೆ. ಕಲಾವಿದರ ಸಂಖ್ಯೆ ಇಮ್ಮಡಿಯಾಗುತ್ತದೆ. ಕೆಲವೊಮ್ಮೆ ತೆಂಕುತಿಟ್ಟಿನ ಮೇಳವೊಂದು ಬಡಗುತಿಟ್ಟಿನದೂ ಆಗಿ ಕಾಣುತ್ತದೆ. ಆಂಟಾಲಜಿ ಸಂಪಾದಿಸುವ ತಂತ್ರಾಂಶವಾದ ಪ್ರೊಟೆಜೆಯಲ್ಲಿ ಹರ್ಮಿಟ್ ರೀಸನರ್ ಓಡಿಸಿ ಆ ಮೇಳದ ಇಂಡಿವಿಜುವಲ್ (ವರ್ಗಕ್ಕೆ ಸೇರಿದ ಒಂದು ವಸ್ತು) ತೆರೆದರೆ, ‘ಸೇಮ್ ಇಂಡಿವಿಜುವಲ್ ಆ್ಯಸ್’ ಎಂಬ ಜಾಗದಲ್ಲಿ ಇನ್ನೊಂದು ಮೇಳ ಹಳದಿ ಹಿನ್ನೆಲೆಯಲ್ಲಿ ಕುಳಿತಿರುತ್ತದೆ. ಹಳದಿ ಎಂದರೆ ಅದನ್ನು ಯಾರೂ ಬರೆದದ್ದಲ್ಲ, ರೀಸನರ್ ತೀರ್ಮಾನಿಸಿದ್ದು ಎಂದರ್ಥ. ಅದರ ಬದಿಯ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದರೆ ಆ ತೀರ್ಮಾನಕ್ಕೆ ಕಾರಣವಾದ ಹೇಳಿಕೆಗಳ ಪಟ್ಟಿ ಬರುತ್ತದೆ. ಈ ಪಟ್ಟಿಯನ್ನು ಓದದೆ ಮುಂದಿನ ಹೆಜ್ಜೆ ಇಡಬಾರದು. ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿ ಮೂರೇ ಸಾಲುಗಳಿರುತ್ತವೆ:

‘ಮೇಳದಲ್ಲಿದ್ದಾರೆ’ ಎಂಬುದು ಫಂಕ್ಷನಲ್ ಪ್ರಾಪರ್ಟಿ.
ಕಲಾವಿದ-7 ‘ಮೇಳದಲ್ಲಿದ್ದಾರೆ’ ಮೇಳ-2.
ಕಲಾವಿದ-7 ‘ಮೇಳದಲ್ಲಿದ್ದಾರೆ’ ಮೇಳ-5.

ಕಲಾವಿದರ ಕೋಷ್ಟಕದಲ್ಲಿ ಮೇಳದ ಸಂಖ್ಯೆಗೆ ಒಂದೇ ಕಾಲಂ ಇದ್ದುದರಿಂದ, ಒಬ್ಬ ಕಲಾವಿದರಿಗೆ ಒಂದೇ ಮೇಳ ಎಂಬ ಅರ್ಥದಲ್ಲಿ ಮಾದರಿ ರೂಪಿಸಿದವರು ಪ್ರಾಪರ್ಟಿಯನ್ನು (ಅಂದರೆ ಆ ಸಂಬಂಧವನ್ನು) ಫಂಕ್ಷನಲ್, ಒಂದಕ್ಕೆ ಗರಿಷ್ಠ ಒಂದೇ ಬೆಲೆಯದು, ಎಂದು ಘೋಷಿಸಿರುತ್ತಾರೆ. ಹಳೆಯ ವರ್ಷದ ಮತ್ತು ಹೊಸ ವರ್ಷದ ದತ್ತಾಂಶಗಳನ್ನು ಒಟ್ಟಿಗೆ ಸೇರಿಸಿದಾಗ ಒಬ್ಬರೇ ಕಲಾವಿದರಿಗೆ ಎರಡು ಮೇಳಗಳು ಬರುತ್ತವೆ. ಡೇಟಾಬೇಸ್ ಆಗಿದ್ದರೆ ಎರಡನೆಯದನ್ನು ನಿರಾಕರಿಸುತ್ತಿತ್ತು ಅಥವಾ ಮೊದಲಿನದರ ಮೇಲೆ ಬರೆಯುತ್ತಿತ್ತು. ಔಲ್‌ನಲ್ಲಿ ಎರಡು ಬೇರೆ ಹೆಸರುಗಳಿದ್ದ ಮಾತ್ರಕ್ಕೆ ಅವು ಎರಡು ಬೇರೆ ವಸ್ತುಗಳೆಂಬ ಊಹೆ ಇಲ್ಲ. ಕಲಾವಿದ-7ಕ್ಕೆ ಇರಬಹುದಾದದ್ದು ಒಂದೇ ಮೇಳ, ಹೆಸರಿಸಿರುವುದು ಎರಡು. ಹಾಗಾದರೆ ಎರಡು ಹೆಸರುಗಳೂ ಒಂದೇ ಮೇಳದವು ಎಂಬುದು ರೀಸನರ್‌ನ ದೃಷ್ಟಿಯಲ್ಲಿ ನಿರ್ದೋಷವಾದ ತೀರ್ಮಾನ. ‘ಗರಿಷ್ಠ ಒಂದು’ ಅಥವಾ ‘ಸರಿಯಾಗಿ ಒಂದು’ ಎಂಬ ಕಾರ್ಡಿನಾಲಿಟಿ (ಎಣಿಕೆಯ) ನಿರ್ಬಂಧ ಬರೆದಿದ್ದರೂ ಫಲ ಇದೇ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸ್ಥಾಪನೆಯ ವರ್ಷದಂತಹ ಡೇಟಾ ಪ್ರಾಪರ್ಟಿ ಫಂಕ್ಷನಲ್ ಆಗಿದ್ದು ಅದಕ್ಕೆ ಎರಡು ಬೇರೆ ಅಂಕೆಗಳು ಬಂದರೆ ರೀಸನರ್ ಕೂಡಲೇ ಆಂಟಾಲಜಿ ಅಸಂಗತವಾಗಿದೆ ಎಂದು ಸಾರುತ್ತದೆ. ಎರಡು ಬೇರೆ ಅಂಕೆಗಳು ಒಂದೇ ಆಗಲಾರವು ಎಂಬುದು ಅದಕ್ಕೆ ಗೊತ್ತು. ವಸ್ತುವನ್ನು ವಸ್ತುವಿಗೆ ಜೋಡಿಸುವ ಆಬ್ಜೆಕ್ಟ್ ಪ್ರಾಪರ್ಟಿಯಲ್ಲಿ ಆ ತಿಳಿವಳಿಕೆ ಇಲ್ಲದ ಕಾರಣ ಅದು ಮೌನವಾಗಿ ಬೆಸೆಯುತ್ತದೆ. ಒಂದೇ ಬಗೆಯ ನಿಯಮ ಒಂದೆಡೆ ಗದ್ದಲ ಮಾಡಿ ಇನ್ನೊಂದೆಡೆ ಸುಮ್ಮನಿರುವುದು ಹೊಸಬರನ್ನು ಗೊಂದಲಕ್ಕೆ ತಳ್ಳುತ್ತದೆ.

ಪರಿಹಾರವೆಂದು ಫಂಕ್ಷನಲ್ ಎಂಬ ಗುರುತನ್ನು ಅಳಿಸಿಬಿಡುವವರಿದ್ದಾರೆ. ಬೆಸುಗೆ ಬಿಡುತ್ತದೆ, ನಿಜ. ಆದರೆ ಯಾವ ಕಲಾವಿದರು ಯಾವಾಗ ಯಾವ ಮೇಳದಲ್ಲಿದ್ದರು ಎಂಬ ಪ್ರಶ್ನೆಗೆ ಉತ್ತರವೂ ಅದರೊಂದಿಗೆ ಹೋಗುತ್ತದೆ. ನಿಜವಾದ ದೋಷ ಇರುವುದು ಸಂಬಂಧದಿಂದ ಕಾಲವನ್ನು ಬಿಟ್ಟಿದ್ದರಲ್ಲಿ. ತಿರುಗಾಟ ದೀಪಾವಳಿಯ ಆಸುಪಾಸಿನಲ್ಲಿ, ನವೆಂಬರ್ ಹೊತ್ತಿಗೆ ಆರಂಭವಾಗುತ್ತದೆ. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ 24 ಅಥವಾ 25ರ ಹೊತ್ತಿಗೆ, ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಮುಂದಿನ ತಿರುಗಾಟಕ್ಕೆ ಅದೇ ಮೇಳದಲ್ಲಿ ಉಳಿಯಬಹುದು, ಬೇರೆ ಮೇಳಕ್ಕೆ ಹೋಗಬಹುದು. ಆದ್ದರಿಂದ ‘ಸೇರ್ಪಡೆ’ ಎಂಬ ಹೊಸ ವರ್ಗವನ್ನು ಮಾಡಿ, ಪ್ರತಿ ಸೇರ್ಪಡೆಗೂ ಒಬ್ಬ ಕಲಾವಿದ, ಒಂದು ಮೇಳ, ಒಂದು ತಿರುಗಾಟ ಎಂದು ಮೂರು ಪ್ರಾಪರ್ಟಿಗಳನ್ನು ಕೊಟ್ಟು ಆ ಮೂರನ್ನೂ ಫಂಕ್ಷನಲ್ ಮಾಡುವುದು ಸರಿಯಾದ ಕ್ರಮ. ಆಗ ಫಂಕ್ಷನಲ್ ಎಂಬ ನಿಯಮ ನಿಜವಾಗಿ ಹೊಂದುವ ಜಾಗದಲ್ಲಿ ನಿಲ್ಲುತ್ತದೆ.

ಕಲಾವಿದ ಮತ್ತು ತಿರುಗಾಟ ಗೊತ್ತಾದರೆ ಮೇಳ ಗೊತ್ತಾಗುತ್ತದೆ ಎಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ಎರಡನ್ನೇ ಸೇರ್ಪಡೆಯ ಕೀ ಮಾಡುವ ಆಸೆ ಹುಟ್ಟುತ್ತದೆ. ಔಲ್‌ನ ಎರಡನೆಯ ಆವೃತ್ತಿಯಲ್ಲಿ ‘ಹ್ಯಾಸ್‌ಕೀ’ ಎಂಬ ಸೌಲಭ್ಯವೂ ಇದೆ. ಹಾಗೆ ಮಾಡಬಾರದು. ಮಳೆಗಾಲದಲ್ಲಿ ಅದೇ ಕಲಾವಿದರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ದಾಖಲೆ ಬರೆದವರು ಅದನ್ನೂ ಅದೇ ವರ್ಷದ ಲೆಕ್ಕಕ್ಕೆ ಸೇರಿಸಿದರೆ ಎರಡು ಸೇರ್ಪಡೆಗಳು ಬೆಸೆದುಕೊಳ್ಳುತ್ತವೆ, ಅವುಗಳ ಮೂಲಕ ಎರಡು ಮೇಳಗಳೂ ಮತ್ತೆ ಒಂದಾಗುತ್ತವೆ. ಕೀಯಲ್ಲಿ ಮೇಳವನ್ನೂ ಸೇರಿಸಿದರೆ ಅಪಾಯವಿಲ್ಲ. ಒಂದೇ ಸೇರ್ಪಡೆಯನ್ನು ಎರಡು ಸಲ ದಾಖಲಿಸಿದ್ದರೆ ಅವೆರಡೂ ಒಂದೆಂದು ಗುರುತಿಸುವ ಉಪಯೋಗವಷ್ಟೇ ಉಳಿಯುತ್ತದೆ. ಹ್ಯಾಸ್‌ಕೀ ಹೆಸರಿರುವ ಇಂಡಿವಿಜುವಲ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಹೆಸರಿಲ್ಲದ ಬ್ಲಾಂಕ್ ನೋಡ್‌ಗಳಿಗೆ ಇಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಪ್ರದರ್ಶನದ ಕಡೆಯಿಂದಲೂ ಇದೇ ಬೆಸುಗೆ ಆಗುವುದುಂಟು. ಪ್ರತಿ ಪ್ರದರ್ಶನವನ್ನು ನಡೆಸಿಕೊಡುವುದು ಒಂದೇ ಮೇಳ ಎಂಬ ನಿಯಮ ವರ್ಷವಿಡೀ ಸರಿಯಾಗಿ ನಡೆದು, ಒಂದು ಕೂಡಾಟದ ದಾಖಲೆ ಬಂದ ದಿನ ಕುಸಿಯುತ್ತದೆ. ಕೂಡಾಟದಲ್ಲಿ ಎರಡು ಮೇಳಗಳು ಒಂದೇ ರಂಗಸ್ಥಳದಲ್ಲಿ ಆಡುತ್ತವೆ. ಜೋಡಾಟದಲ್ಲಿ ಮೇಳಗಳಿಗೆ ಬೇರೆ ಬೇರೆ ರಂಗಸ್ಥಳಗಳಿರುವುದರಿಂದ ಅದನ್ನು ಎರಡು ಪ್ರದರ್ಶನಗಳೆಂದು ಬರೆದು ಒಂದು ಕಾರ್ಯಕ್ರಮದ ಅಡಿಯಲ್ಲಿ ಸೇರಿಸಬಹುದು. ಕೂಡಾಟಕ್ಕೆ ಆ ಉಪಾಯ ನಡೆಯುವುದಿಲ್ಲ, ನಿಯಮವನ್ನೇ ಸಡಿಲಿಸಬೇಕು. ಇಂತಹ ನೂರರಲ್ಲೊಂದು ಪ್ರಕರಣವನ್ನು ಡೇಟಾಬೇಸಿನಲ್ಲಿ ಷರಾ ಕಾಲಂನಲ್ಲಿ ಬರೆದು ತಪ್ಪಿಸಿಕೊಳ್ಳುವ ರೂಢಿ ಇದೆ. ಔಲ್‌ನಲ್ಲಿ ಆ ಒಂದೇ ಪ್ರಕರಣ ಎರಡು ಮೇಳಗಳ ಇಡೀ ಇತಿಹಾಸವನ್ನು ಕಲಸಿಬಿಡುತ್ತದೆ.

ಮುಂದೆ ಇಂತಹ ಬೆಸುಗೆ ಮೌನವಾಗಿ ಆಗದಂತೆ ನೋಡಿಕೊಳ್ಳಲು, ಮೇಳಗಳ ಪಟ್ಟಿ ಖಚಿತವಾಗಿರುವಲ್ಲಿ ಅವೆಲ್ಲವೂ ಪರಸ್ಪರ ಭಿನ್ನವೆಂದು ‘ಆಲ್ ಡಿಫರೆಂಟ್’ ಹೇಳಿಕೆಯಿಂದ ಘೋಷಿಸಬೇಕು. ಆಗ ತಪ್ಪು ದಾಖಲೆ ಬಂದ ಕೂಡಲೇ ಆಂಟಾಲಜಿ ಅಸಂಗತವಾಗುತ್ತದೆ, ಕಾರಣದ ಪಟ್ಟಿಯೂ ಸಿಗುತ್ತದೆ. ಕಲಾವಿದರಿಗೆ ಈ ಘೋಷಣೆಯನ್ನು ಅನ್ವಯಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಒಬ್ಬರೇ ಕಲಾವಿದರು ಒಂದೆಡೆ ಊರಿನ ಹೆಸರಿನೊಂದಿಗೆ, ಇನ್ನೊಂದೆಡೆ ಮನೆತನದ ಹೆಸರಿನೊಂದಿಗೆ ದಾಖಲಾಗಿರುವುದು ನಮ್ಮಲ್ಲಿ ತೀರ ಸಾಮಾನ್ಯ. ಅವರಿಬ್ಬರೂ ಒಬ್ಬರೇ ಎಂದು ಮುಂದೆ ಗೊತ್ತಾಗುವ ಅವಕಾಶವನ್ನು ಮುಚ್ಚಬಾರದು.

ಯಾರೂ ಧರಿಸದ ವೇಷ ಪಟ್ಟಿಯಲ್ಲಿ ಬರುವುದು

ಒಬ್ಬ ಕಲಾವಿದರು ಮೂಡುಬಿದಿರೆಯ ಆಟದಲ್ಲಿ ಮಹಿಷಾಸುರನ ಪಾತ್ರವನ್ನೂ ಕುಂದಾಪುರದ ಆಟದಲ್ಲಿ ಕರ್ಣನ ಪಾತ್ರವನ್ನೂ ಮಾಡಿದ್ದಾರೆ ಎಂದು ಭಾವಿಸೋಣ. ಕ್ವೆರಿ ಓಡಿಸಿದಾಗ ಅವರು ಮೂಡುಬಿದಿರೆಯಲ್ಲಿ ಕರ್ಣನಾಗಿಯೂ ಕಾಣಿಸಿಕೊಳ್ಳುತ್ತಾರೆ. ರೀಸನರ್ ನಿಲ್ಲಿಸಿದರೂ ಈ ಸಾಲು ಹೋಗುವುದಿಲ್ಲ. ಅದೇ ಇದರ ಗುರುತು. ಮೂಲ ಕೋಷ್ಟಕದ ಸಾಲುಗಳ ಸಂಖ್ಯೆಗಿಂತ ಕ್ವೆರಿಯ ಉತ್ತರದ ಸಾಲುಗಳು ಹೆಚ್ಚಾಗಿವೆಯೇ ಎಂದು ಎಣಿಸಿ ನೋಡಿದರೆ ರೋಗ ಖಚಿತವಾಗುತ್ತದೆ.

ಈ ದತ್ತಾಂಶವನ್ನು ಬರೆದಿಡುವ ಆರ್‌ಡಿಎಫ್ ಮಾದರಿಯ ಟ್ರಿಪಲ್ ಒಂದು ಸಲಕ್ಕೆ ಎರಡು ವಸ್ತುಗಳನ್ನು ಮಾತ್ರ ಜೋಡಿಸಬಲ್ಲದು. ಡೇಟಾಬೇಸಿನಲ್ಲಿ ಕಲಾವಿದ, ಪಾತ್ರ, ಪ್ರದರ್ಶನ ಎಂಬ ಮೂರು ಫಾರಿನ್ ಕೀಗಳಿದ್ದ ಒಂದು ಕೋಷ್ಟಕವನ್ನು ‘ಕಲಾವಿದ ಪಾಲ್ಗೊಂಡ ಪ್ರದರ್ಶನ’, ‘ಕಲಾವಿದ ಮಾಡಿದ ಪಾತ್ರ’, ‘ಪ್ರದರ್ಶನದಲ್ಲಿದ್ದ ಪಾತ್ರ’ ಎಂದು ಮೂರು ಜೋಡಿಗಳಾಗಿ ಒಡೆದಾಗ, ಆ ಮೂರೂ ಒಂದೇ ಸಾಲಿಗೆ ಸೇರಿದ್ದವು ಎಂಬ ಮಾಹಿತಿ ಶಾಶ್ವತವಾಗಿ ಕಳೆದುಹೋಗುತ್ತದೆ. ಮೂಡುಬಿದಿರೆಯ ಆಟದಲ್ಲಿ ಬೇರೊಬ್ಬರು ಕರ್ಣನ ಪಾತ್ರ ಮಾಡಿದ್ದರೆ ಸಾಕು, ಮೂರು ಜೋಡಿಗಳೂ ಹೊಂದಿಕೊಂಡು ಸುಳ್ಳು ಸಾಲು ಹುಟ್ಟುತ್ತದೆ. ಒಡೆದ ಟ್ರಿಪಲ್‌ಗಳಿಂದ ಇದನ್ನು ಮರಳಿ ಸರಿಪಡಿಸುವ ಯಾವ ನಿಯಮವೂ ಇಲ್ಲ. ಮೂಲ ಕೋಷ್ಟಕಕ್ಕೇ ಹಿಂದಿರುಗಬೇಕು.

ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂನ ಕಾರ್ಯತಂಡವೊಂದು 2006ರಲ್ಲಿ ಹೊರತಂದ ಟಿಪ್ಪಣಿ ಸೂಚಿಸಿದ ದಾರಿಯೇ ಇಲ್ಲಿಯೂ ಸರಿ: ಸಂಬಂಧವನ್ನೇ ಒಂದು ವಸ್ತುವನ್ನಾಗಿ ಮಾಡುವುದು. ‘ವೇಷಧಾರಣೆ’ ಎಂಬ ವರ್ಗದ ಪ್ರತಿ ಇಂಡಿವಿಜುವಲ್‌ಗೂ ಕಲಾವಿದ, ಪಾತ್ರ, ಪ್ರದರ್ಶನ ಮೂರನ್ನೂ ಕಟ್ಟಬೇಕು. ಒಂದು ಪ್ರದರ್ಶನದಲ್ಲಿ ಒಂದು ಪಾತ್ರಕ್ಕೆ ಒಬ್ಬರೇ ಕಲಾವಿದರು ಎಂದು ಬರೆಯುವ ಮುನ್ನ ಮಾತ್ರ ತಡೆಯಬೇಕು. ಇಡೀ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರು, ಉತ್ತರಾರ್ಧದಲ್ಲಿ ಇನ್ನೊಬ್ಬರು ನಿರ್ವಹಿಸುವುದು ಹೊಸತಲ್ಲ; ಆ ನಿಯಮ ಇಬ್ಬರು ಕಲಾವಿದರನ್ನು ಒಬ್ಬರನ್ನಾಗಿ ಮಾಡಿ ಹಿಂದಿನ ಭಾಗದ ದೋಷವನ್ನೇ ಮರಳಿ ತರುತ್ತದೆ.

ಹೀಗೆ ಮಾಡಿದಾಗ ಕ್ವೆರಿಗಳು ಉದ್ದವಾಗುತ್ತವೆ ಎಂಬ ದೂರು ಸಹಜ. ಕಲಾವಿದರಿಂದ ಪ್ರದರ್ಶನಕ್ಕೆ ನೇರ ಸಂಬಂಧ ಬೇಕಿದ್ದರೆ ಅದನ್ನು ಕೈಯಿಂದ ತುಂಬದೆ ಪ್ರಾಪರ್ಟಿ ಚೈನ್‌ನಿಂದ ಪಡೆಯಬಹುದು: ವೇಷಧಾರಣೆಯಿಂದ ಕಲಾವಿದರಿಗೆ ಹೋಗುವ ಪ್ರಾಪರ್ಟಿಯ ವಿಲೋಮ, ಅದರ ಮುಂದೆ ವೇಷಧಾರಣೆಯಿಂದ ಪ್ರದರ್ಶನಕ್ಕೆ ಹೋಗುವ ಪ್ರಾಪರ್ಟಿ, ಇವೆರಡನ್ನೂ ಜೋಡಿಸಿದರೆ ‘ಪಾಲ್ಗೊಂಡರು’ ದೊರೆಯುತ್ತದೆ. ಹೀಗೆ ಚೈನ್‌ನಿಂದ ಹುಟ್ಟಿದ ಪ್ರಾಪರ್ಟಿಯನ್ನು ಔಲ್‌ನ ಡಿಎಲ್ ರೂಪದಲ್ಲಿ (ರೀಸನರ್ ಪೂರ್ಣವಾಗಿ ತರ್ಕಿಸಬಲ್ಲ ರೂಪ) ಫಂಕ್ಷನಲ್ ಎಂದು ಘೋಷಿಸುವಂತಿಲ್ಲ, ಅದರ ಮೇಲೆ ಕಾರ್ಡಿನಾಲಿಟಿಯನ್ನೂ ಹೇರುವಂತಿಲ್ಲ.

ದಕ್ಷಿಣ ಕನ್ನಡ ಮತ್ತು ಉಡುಪಿ ಒಂದೇ ಜಿಲ್ಲೆಯೆಂದು ತೀರ್ಮಾನವಾದಾಗ

ಪ್ರದರ್ಶನದ ಸ್ಥಳಗಳನ್ನು ಗ್ರಾಮ, ತಾಲೂಕು, ಜಿಲ್ಲೆ ಎಂದು ಒಂದರೊಳಗೊಂದು ಇಡುವಾಗ ಎರಡು ಬಗೆಯ ದೋಷಗಳು ಬರುತ್ತವೆ. ಒಂದನ್ನು ರೀಸನರ್ ತಾನೇ ಹೇಳುತ್ತದೆ. ‘ಒಳಗಿದೆ’ ಎಂಬುದನ್ನು ಟ್ರಾನ್ಸಿಟಿವ್ (ಒಂದು ಎರಡರೊಳಗೆ, ಎರಡು ಮೂರರೊಳಗೆ ಇದ್ದರೆ ಒಂದು ಮೂರರೊಳಗೂ ಇದೆ ಎಂಬ ಗುಣ) ಎಂದೂ, ಪ್ರತಿ ಸ್ಥಳವೂ ಗರಿಷ್ಠ ಒಂದು ಸ್ಥಳದ ‘ಒಳಗಿದೆ’ ಎಂದೂ ಒಟ್ಟಿಗೆ ಬರೆದರೆ, ಸರಳವಲ್ಲದ (ಟ್ರಾನ್ಸಿಟಿವ್ ಆದ ಅಥವಾ ಚೈನ್‌ನಿಂದ ಹುಟ್ಟಿದ) ಪ್ರಾಪರ್ಟಿಯನ್ನು ಸಂಖ್ಯಾ ನಿರ್ಬಂಧದಲ್ಲಿ ಬಳಸಲಾಗಿದೆ ಎಂದು ದೂರಿ ಹರ್ಮಿಟ್ ಕೆಲಸ ನಿಲ್ಲಿಸುತ್ತದೆ. ನಿಯಮದ ಮಾತು ಹಾಗಿರಲಿ, ಅರ್ಥದಲ್ಲಿಯೂ ಅದು ತಪ್ಪೇ. ಟ್ರಾನ್ಸಿಟಿವ್ ಆದ ಮೇಲೆ ಮಂದಾರ್ತಿ ಗ್ರಾಮ ತಾಲೂಕಿನ ಒಳಗೂ ಇದೆ, ಜಿಲ್ಲೆಯ ಒಳಗೂ ಇದೆ. ‘ನೇರವಾಗಿ ಒಳಗಿದೆ’ ಎಂಬ ಉಪಪ್ರಾಪರ್ಟಿಯನ್ನು ಮಾಡಿ ನಿರ್ಬಂಧವನ್ನು ಅದರ ಮೇಲೆ ಇಟ್ಟು, ಟ್ರಾನ್ಸಿಟಿವ್ ಗುಣವನ್ನು ಮೇಲಿನ ‘ಒಳಗಿದೆ’ಗೆ ಮಾತ್ರ ಬಿಡಬೇಕು.

ಎರಡನೆಯದನ್ನು ಅದು ಹೇಳುವುದಿಲ್ಲ. ಉಡುಪಿ ಜಿಲ್ಲೆ ದಕ್ಷಿಣ ಕನ್ನಡದಿಂದ ಬೇರೆಯಾದದ್ದು 1997ರ ಆಗಸ್ಟ್‌ನಲ್ಲಿ. ಅದಕ್ಕೆ ಹಿಂದಿನ ದಾಖಲೆಯಲ್ಲಿ ಕುಂದಾಪುರ ತಾಲೂಕು ದಕ್ಷಿಣ ಕನ್ನಡದೊಳಗೆ, ಅನಂತರದ್ದರಲ್ಲಿ ಉಡುಪಿಯೊಳಗೆ. ‘ನೇರವಾಗಿ ಒಳಗಿದೆ’ ಫಂಕ್ಷನಲ್ ಆಗಿದ್ದರೆ ಎರಡು ಜಿಲ್ಲೆಗಳೂ ಬೆಸೆದುಕೊಂಡು, ಮಂಗಳೂರಿನ ಪ್ರದರ್ಶನಗಳೆಲ್ಲ ಉಡುಪಿ ಜಿಲ್ಲೆಯ ಲೆಕ್ಕದಲ್ಲಿ ಬರುತ್ತವೆ. ಇನ್ನೂ ಹಿಂದಿನ ದಾಖಲೆಗಳಲ್ಲಿ ಕಾಸರಗೋಡು ಸೌತ್ ಕೆನರಾ ಜಿಲ್ಲೆಯಲ್ಲಿರುತ್ತದೆ. 1956ರ ನವೆಂಬರ್ ಒಂದರಿಂದ ಅದು ಕೇರಳದಲ್ಲಿದೆ. ತೆಂಕುತಿಟ್ಟಿನ ಇತಿಹಾಸವನ್ನು ಕಾಸರಗೋಡನ್ನು ಬಿಟ್ಟು ಬರೆಯಲಾಗದ ಕಾರಣ ಈ ದಾಖಲೆಗಳನ್ನು ಕೈಬಿಡುವಂತೆಯೂ ಇಲ್ಲ. ತಾಲೂಕುಗಳದ್ದೂ ಇದೇ ಕಥೆ: ಜಿಲ್ಲೆಯಾದಾಗ ಉಡುಪಿ, ಕಾರ್ಕಳ, ಕುಂದಾಪುರ ಎಂಬ ಮೂರೇ ಇದ್ದದ್ದು, ಬೈಂದೂರು, ಬ್ರಹ್ಮಾವರ, ಕಾಪು, ಹೆಬ್ರಿ ಸೇರಿ ಈಗ ಏಳಾಗಿದೆ. ಗ್ರಾಮವನ್ನು ಸ್ಥಿರವಾದ ವಸ್ತುವೆಂದು ಇಟ್ಟುಕೊಂಡು, ಅದು ಯಾವ ಅವಧಿಯಲ್ಲಿ ಯಾವ ಆಡಳಿತ ಘಟಕದಲ್ಲಿತ್ತು ಎಂಬುದನ್ನು ‘ಸೇರ್ಪಡೆ’ಯಂತೆಯೇ ಪ್ರತ್ಯೇಕ ವರ್ಗವಾಗಿ ಬರೆಯುವುದೊಂದೇ ನಂಬಬಹುದಾದ ಉಪಾಯ. ಇಷ್ಟು ಶ್ರಮ ಬೇಡವೆನ್ನುವವರು ಇಂದಿನ ಜಿಲ್ಲೆಯನ್ನು ಮಾತ್ರ ದಾಖಲಿಸುತ್ತೇವೆ ಎಂದು ಪ್ರಾಪರ್ಟಿಯ ವಿವರಣೆಯಲ್ಲಿ ಸ್ಪಷ್ಟವಾಗಿ ಬರೆದು, ಹಳೆಯ ದಾಖಲೆಯ ಜಿಲ್ಲೆಯನ್ನು ಪಠ್ಯವಾಗಿ ಬೇರೆಡೆ ಇಡಬಹುದು.

ಭಾಗವತರು ವೇಷಧಾರಿಗಳೂ ಆಗುವುದು

‘ಪಾಲ್ಗೊಂಡರು’ ಎಂಬ ಪ್ರಾಪರ್ಟಿಗೆ ಡೊಮೇನ್ (ಸಂಬಂಧ ಹೊರಡುವ ಕಡೆಯ ವರ್ಗ) ಕೊಡುವಾಗ ಭಾಗವತ ಎಂದು ಒಂದು ಸಾಲು, ವೇಷಧಾರಿ ಎಂದು ಇನ್ನೊಂದು ಸಾಲು ಬರೆದವರು, ಇವೆರಡರಲ್ಲಿ ಯಾವುದಾದರೊಂದು ಎಂಬ ಅರ್ಥವನ್ನು ಉದ್ದೇಶಿಸಿರುತ್ತಾರೆ. ಔಲ್ ಅದನ್ನು ಎರಡೂ ಎಂದು ಓದುತ್ತದೆ. ಪಾಲ್ಗೊಂಡವರೆಲ್ಲರೂ ಭಾಗವತರೂ ಹೌದು, ವೇಷಧಾರಿಗಳೂ ಹೌದು ಎಂಬ ತೀರ್ಮಾನ ಹೊರಡುತ್ತದೆ. ಮದ್ದಳೆಗಾರರ ಪ್ರದರ್ಶನವೊಂದನ್ನು ಇದೇ ಪ್ರಾಪರ್ಟಿಯಿಂದ ದಾಖಲಿಸಿದರೆ ಅವರೂ ಅದೇ ಗುಂಪಿಗೆ ಸೇರುತ್ತಾರೆ. ಡೊಮೇನ್ ಆಗಲಿ ರೇಂಜ್ (ಸಂಬಂಧ ತಲುಪುವ ಕಡೆಯ ವರ್ಗ) ಆಗಲಿ ದತ್ತಾಂಶವನ್ನು ಪರೀಕ್ಷಿಸುವುದಿಲ್ಲ, ವರ್ಗವನ್ನು ಹೊರಿಸುತ್ತದೆ. ಎರಡೂ ವರ್ಗಗಳ ಯೂನಿಯನ್ ಅನ್ನು ಒಂದೇ ಡೊಮೇನ್ ಆಗಿ ಕೊಡುವುದು ಒಂದು ಪರಿಹಾರ. ಮೇಲಿನ ‘ಕಲಾವಿದ’ ವರ್ಗವನ್ನು ಕೊಟ್ಟು ಸುಮ್ಮನಿರುವುದು ಅದಕ್ಕಿಂತ ಒಳ್ಳೆಯದು.

ಈ ದೋಷವನ್ನು ಕಂಡವರು ಭಾಗವತ ಮತ್ತು ವೇಷಧಾರಿ ವರ್ಗಗಳನ್ನು ಡಿಸ್‌ಜಾಯಿಂಟ್ (ಯಾರೂ ಎರಡಕ್ಕೂ ಸೇರಲಾಗದ ವರ್ಗಗಳು) ಎಂದು ಘೋಷಿಸಿ ಮುಂದಿನ ತಪ್ಪನ್ನು ತಡೆಯಲು ಹೋಗುತ್ತಾರೆ. ವೇಷ ಮಾಡುತ್ತಿದ್ದವರು ಮುಂದೆ ಭಾಗವತಿಕೆಗೆ ಬಂದದ್ದು, ಭಾಗವತರಿಗೆ ಚೆಂಡೆ ಮದ್ದಳೆಯೂ ಕೈಹಿಡಿದದ್ದು ಯಕ್ಷಗಾನದಲ್ಲಿ ಅಪರೂಪವಲ್ಲ. ಅವು ಮನುಷ್ಯರ ಜಾತಿಗಳಲ್ಲ, ಒಂದು ಪ್ರದರ್ಶನದಲ್ಲಿ ವಹಿಸಿದ ಕೆಲಸಗಳು. ಆದ್ದರಿಂದ ಅವುಗಳ ಜಾಗ ಕಲಾವಿದರ ಉಪವರ್ಗಗಳಲ್ಲಿ ಅಲ್ಲ, ಪಾಲ್ಗೊಂಡ ದಾಖಲೆಯಲ್ಲಿ. ಹಿಮ್ಮೇಳವನ್ನು ಮೇಳದ ಉಪವರ್ಗ ಮಾಡುವುದೂ ಇದೇ ಕುಲದ ದೋಷ: ಪ್ರತಿ ಮೇಳಕ್ಕೂ ಒಬ್ಬ ಸಂಚಾಲಕರಿದ್ದಾರೆ ಎಂಬ ನಿಯಮವಿದ್ದರೆ ಪ್ರತಿ ಹಿಮ್ಮೇಳಕ್ಕೂ ಒಬ್ಬ ಸಂಚಾಲಕರು ಹುಟ್ಟಿಕೊಳ್ಳುತ್ತಾರೆ. ಅದು ಮೇಳದ ಭಾಗವೇ ಹೊರತು ಮೇಳದ ಒಂದು ಬಗೆಯಲ್ಲ.

ಖಾಲಿ ಬಿಟ್ಟ ಮಾಹಿತಿಯ ಬಗ್ಗೆ ರೀಸನರ್ ಸುಮ್ಮನಿರುವುದು

ಪ್ರತಿ ಪ್ರದರ್ಶನಕ್ಕೂ ಕನಿಷ್ಠ ಒಬ್ಬ ಭಾಗವತರಿರಬೇಕು ಎಂದು ಆಂಟಾಲಜಿಯಲ್ಲಿ ಬರೆದಿದ್ದರೂ, ಭಾಗವತರ ಹೆಸರೇ ಇಲ್ಲದ ದಾಖಲೆಗಳು ಸಲೀಸಾಗಿ ಒಳಬರುತ್ತವೆ, ಆಂಟಾಲಜಿ ಸುಸಂಗತವಾಗಿದೆ ಎಂಬ ಉತ್ತರವೂ ಸಿಗುತ್ತದೆ. ಇದು ರೀಸನರ್‌ನ ದೋಷವಲ್ಲ. ಬರೆಯದಿರುವುದು ಇಲ್ಲ ಎಂದಲ್ಲ, ತಿಳಿದಿಲ್ಲ ಎಂದಷ್ಟೇ ಔಲ್ ಭಾವಿಸುತ್ತದೆ. ಒಬ್ಬ ಭಾಗವತರಿದ್ದರು, ಅವರು ಯಾರೆಂದು ಹೇಳಿಲ್ಲ ಎಂದುಕೊಂಡು ಅದು ಮುಂದೆ ಸಾಗುತ್ತದೆ. ಕಾಲಂ ಖಾಲಿ ಇರಬಾರದು ಎಂಬ ಡೇಟಾಬೇಸ್ ನಿಯಮವನ್ನು ಔಲ್‌ನ ಯಾವ ನಿರ್ಬಂಧದಿಂದಲೂ ತರಲಾಗದು.

ಆ ಕೆಲಸಕ್ಕೆ 2017ರಲ್ಲಿ ಶಿಫಾರಸಾದ, ದತ್ತಾಂಶವನ್ನು ಪರೀಕ್ಷಿಸುವ ಭಾಷೆ ಶಾಕಲ್ ಇದೆ. ‘ಪ್ರದರ್ಶನ’ ವರ್ಗಕ್ಕೆ ಒಂದು ಶೇಪ್ (ಪರೀಕ್ಷೆಯ ನಿಯಮಗಳ ಪಟ್ಟಿ) ಬರೆದು, ಭಾಗವತರ ಪ್ರಾಪರ್ಟಿಗೆ ಕನಿಷ್ಠ ಎಣಿಕೆ ಒಂದು ಎಂದು ಕೊಟ್ಟರೆ, ಯಾವ ಯಾವ ಪ್ರದರ್ಶನಗಳಲ್ಲಿ ಅದು ಇಲ್ಲವೆಂಬ ವರದಿ ಬರುತ್ತದೆ. ಗರಿಷ್ಠ ಎಣಿಕೆಯನ್ನೂ ಅದು ಡೇಟಾಬೇಸಿನಂತೆಯೇ ಪರೀಕ್ಷಿಸುತ್ತದೆ. ಎರಡು ಬೇರೆ ಐಆರ್‌ಐಗಳನ್ನು (ವಸ್ತುವನ್ನು ಗುರುತಿಸುವ ಜಾಲ ವಿಳಾಸದಂತಹ ಹೆಸರುಗಳನ್ನು) ಎರಡು ಎಂದೇ ಎಣಿಸುತ್ತದೆ. ಈ ಕಾರಣಕ್ಕೆ ಶಾಕಲ್ ಅನ್ನು ರೀಸನರ್‌ಗಿಂತ ಮೊದಲು, ಬರೆದಿಟ್ಟ ದತ್ತಾಂಶದ ಮೇಲೆ ಒಮ್ಮೆ ಓಡಿಸುವುದು ನನ್ನ ಸಲಹೆ. ರೀಸನರ್ ಓಡಿದ ಅನಂತರ ಅದರ ತೀರ್ಮಾನಗಳನ್ನೂ ಸೇರಿಸಿದ ಗ್ರಾಫ್ ಮೇಲೆ ಮಾತ್ರ ಪರೀಕ್ಷಿಸಿದರೆ, ಬೆಸೆದ ಮೇಳಗಳ ಮಾಹಿತಿಯೆಲ್ಲ ಪರಸ್ಪರ ಹರಡಿಕೊಂಡು, ಒಂದು ಮೂಲ ತಪ್ಪು ನೂರಾರು ದೂರುಗಳಾಗಿ ವರದಿಯಲ್ಲಿ ತುಂಬಿಕೊಳ್ಳುತ್ತದೆ.

ಸಂಬಂಧ ಇದ್ದೂ ಕ್ವೆರಿಗೆ ಸಿಗದಿರುವುದು

ಕಲಾವಿದರಿಂದ ಮೇಳಕ್ಕೆ, ಮೇಳದಿಂದ ಅದು ಹೊರಡುವ ದೇವಸ್ಥಾನಕ್ಕೆ ಹೋಗುವ ಎರಡು ಹೆಜ್ಜೆಯ ಕ್ವೆರಿ ಶೂನ್ಯ ಉತ್ತರ ಕೊಟ್ಟು, ಒಂದೊಂದೇ ಹೆಜ್ಜೆಯ ಕ್ವೆರಿಗಳು ಸರಿಯಾಗಿ ನಡೆದರೆ, ಮಧ್ಯದ ಕೊಂಡಿ ಎರಡು ಕಡೆಯೂ ಒಂದೇ ವಸ್ತುವಲ್ಲ ಎಂದು ಅರ್ಥ. ಮೊದಲು ಆ ಕೊಂಡಿ ಲಿಟರಲ್ (ಬರಿಯ ಅಂಕೆ ಅಥವಾ ಪಠ್ಯ) ಆಗಿದೆಯೇ ಎಂದು ಸ್ಪಾರ್ಕಲ್‌ನ ‘ಈಸ್‌ಲಿಟರಲ್’ ಫಿಲ್ಟರ್ ಹಾಕಿ ನೋಡಬೇಕು. 2012ರಲ್ಲಿ ಶಿಫಾರಸಾದ ಮ್ಯಾಪಿಂಗ್ ಭಾಷೆ ಆರ್2ಆರ್‌ಎಂಎಲ್‌ನಲ್ಲಿ ಫಾರಿನ್ ಕೀ ಕಾಲಂ ಅನ್ನು ‘ಕಾಲಂ’ ಎಂದೇ ಸೂಚಿಸಿದರೆ ಅದು 14 ಎಂಬ ಬರಿಯ ಅಂಕೆಯಾಗಿ ಬರುತ್ತದೆ. ಅಂಕೆಗೆ ಮುಂದಿನ ಸಂಬಂಧಗಳಿಲ್ಲ. ‘ಟೆಂಪ್ಲೇಟ್’ ಮೂಲಕ ಐಆರ್‌ಐ ಕಟ್ಟಬೇಕು ಅಥವಾ ಮೇಳದ ಕೋಷ್ಟಕದ ಮ್ಯಾಪಿಂಗ್ ಅನ್ನೇ ‘ಪೇರೆಂಟ್ ಟ್ರಿಪಲ್ಸ್ ಮ್ಯಾಪ್’ ಎಂದು ಉಲ್ಲೇಖಿಸಬೇಕು.

ಕೊಂಡಿ ಐಆರ್‌ಐ ಆಗಿಯೇ ಇದ್ದರೆ ಪ್ರೊಟೆಜೆಯಲ್ಲಿ ಆ ಪ್ರಾಪರ್ಟಿ ಯಾವ ಪಟ್ಟಿಯಲ್ಲಿದೆ ಎಂದು ನೋಡಬೇಕು. ಅದನ್ನು ಆಬ್ಜೆಕ್ಟ್ ಪ್ರಾಪರ್ಟಿ ಎಂದು ಘೋಷಿಸಿದ ಕಡತ ಇಂಪೋರ್ಟ್ ಆಗದಿದ್ದರೆ, ಘೋಷಣೆ ಕಾಣದ ಪ್ರಾಪರ್ಟಿ ಆ್ಯನೊಟೇಷನ್ (ಟಿಪ್ಪಣಿ) ಪಟ್ಟಿಗೆ ಜಾರುತ್ತದೆ. ಆ್ಯನೊಟೇಷನ್‌ಗಳನ್ನು ರೀಸನರ್ ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ವಿಲೋಮವಾಗಲಿ ಚೈನ್ ಆಗಲಿ ಅದರ ಮೇಲೆ ಕೆಲಸ ಮಾಡದು.

ಕನ್ನಡದಲ್ಲೇ ಐಆರ್‌ಐ ಬರೆಯುವವರಿಗೆ ಇನ್ನೊಂದು ಕಂಟಕವಿದೆ. ‘ಕೊಕ್ಕರ್ಣೆ’ಯ ಮೊದಲ ಅಕ್ಷರದ ಒತ್ವ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಎತ್ವ ಮತ್ತು ಊತ್ವದ ಎರಡು ಸಂಕೇತಗಳಾಗಿಯೂ ಇರಬಹುದು, ಪರದೆಯ ಮೇಲೆ ಎರಡೂ ಒಂದೇ. ‘ಸುರತ್ಕಲ್’ ಎಂಬುದರ ಕೊನೆಯಲ್ಲಿ ಕಣ್ಣಿಗೆ ಕಾಣದ ಶೂನ್ಯಗಲದ ಸಂಕೇತವೊಂದು ಕೀಲಿಮಣೆಯಿಂದ ಸೇರಿಕೊಂಡಿರಬಹುದು. ಆರ್‌ಡಿಎಫ್ ಐಆರ್‌ಐಗಳನ್ನು ಸಂಕೇತಕ್ಕೆ ಸಂಕೇತ ಹೋಲಿಸುವುದರಿಂದ ಇವು ಬೇರೆ ಬೇರೆ ಊರುಗಳಾಗಿ ಉಳಿಯುತ್ತವೆ. ಸ್ಪಾರ್ಕಲ್‌ನ ‘ಸ್ಟ್ರಲೆನ್’ ಬಳಸಿ ಎರಡರ ಉದ್ದವನ್ನು ಹೋಲಿಸಿದರೆ ವ್ಯತ್ಯಾಸ ಬಯಲಾಗುತ್ತದೆ. ಯೂನಿಕೋಡ್‌ನ ಎನ್‌ಎಫ್‌ಸಿ ಸಾಮಾನ್ಯೀಕರಣ ಮೊದಲನೆಯದನ್ನು ಸರಿಪಡಿಸುತ್ತದೆ, ಶೂನ್ಯಗಲದ ಸಂಕೇತವನ್ನು ಮಾತ್ರ ಅದು ತೆಗೆಯುವುದಿಲ್ಲ. ಅದನ್ನು ಬೇರೆಯಾಗಿಯೇ ಅಳಿಸಬೇಕು. ಐಆರ್‌ಐಗೆ ಡೇಟಾಬೇಸಿನ ಪ್ರೈಮರಿ ಕೀ ಅಂಕೆಯನ್ನೇ ಬಳಸಿ, ಕನ್ನಡ ಹೆಸರನ್ನು ಲೇಬಲ್‌ನಲ್ಲಿಟ್ಟರೆ ಈ ಗೋಳೇ ಇಲ್ಲ. ಆ ಲೇಬಲ್‌ಗಳಿಗೆ ಕನ್ನಡದ ಭಾಷಾ ಗುರುತನ್ನು ಎಲ್ಲೆಡೆ ಹಾಕಬೇಕು, ಇಲ್ಲವೇ ಎಲ್ಲಿಯೂ ಹಾಕಬಾರದು. ಗುರುತಿರುವ ‘ಉಡುಪಿ’ಗೂ ಗುರುತಿಲ್ಲದ ‘ಉಡುಪಿ’ಗೂ ಕ್ವೆರಿಯಲ್ಲಿ ಹೊಂದಿಕೆ ಆಗುವುದಿಲ್ಲ.

ರೀಸನರ್ ಬದಲಾದರೆ ಉತ್ತರವೂ ಬದಲಾಗುವುದು

ಹರ್ಮಿಟ್ ನಿಧಾನವೆಂದು ಎಲ್ಕ್ ಎಂಬ ಇನ್ನೊಂದು ರೀಸನರ್‌ಗೆ ಬದಲಾಯಿಸಿದ ಕೂಡಲೇ ಮೇಳಗಳ ಬೆಸುಗೆ ಬಿಟ್ಟುಹೋದರೆ ದೋಷ ಪರಿಹಾರವಾಯಿತೆಂದು ತಿಳಿಯಬಾರದು. ಎಲ್ಕ್ ಔಲ್‌ನ ಇಎಲ್ ಎಂಬ ಸೀಮಿತ ರೂಪಕ್ಕಾಗಿ ಮಾಡಿದ್ದು. ಫಂಕ್ಷನಲ್ ಆಬ್ಜೆಕ್ಟ್ ಪ್ರಾಪರ್ಟಿ, ವಿಲೋಮ, ಗರಿಷ್ಠ ಎಣಿಕೆ ಇವೊಂದೂ ಆ ರೂಪದಲ್ಲಿಲ್ಲ. ಅಂತಹ ಹೇಳಿಕೆಗಳನ್ನು ಅದು ಲಾಗ್‌ನಲ್ಲಿ ಎಚ್ಚರಿಕೆ ಬರೆದು ಬಿಟ್ಟುಬಿಡುತ್ತದೆ. ವಿಲೋಮವನ್ನು ಬಳಸಿದ ‘ಪಾಲ್ಗೊಂಡರು’ ಚೈನ್ ಕೂಡ ಅಲ್ಲಿ ಫಲ ಕೊಡದು. ಎಲ್ಕ್ ಅನಿವಾರ್ಯವಾಗಿದ್ದರೆ ಕಲಾವಿದರಿಂದ ವೇಷಧಾರಣೆಯ ಕಡೆಗೆ ಹೋಗುವ ಪ್ರಾಪರ್ಟಿಯನ್ನೇ ದತ್ತಾಂಶದಲ್ಲಿ ನೇರವಾಗಿ ತುಂಬಬೇಕು.

ದಿನಾಂಕದ ಕಾಲಂ ಇರುವ ಪ್ರದರ್ಶನದ ಕೋಷ್ಟಕವನ್ನು ತಂದಾಗ ಹರ್ಮಿಟ್ ಬೆಂಬಲವಿಲ್ಲದ ಡೇಟಾಟೈಪ್ ಎಂದು ನಿಂತುಬಿಡುವುದಕ್ಕೆ ಕಾರಣ ಬೇರೆ. ಎಕ್ಸ್‌ಎಂಎಲ್ ಸ್ಕೀಮಾದ ‘ಡೇಟ್’ ಔಲ್‌ನ ಎರಡನೆಯ ಆವೃತ್ತಿಯ ಡೇಟಾಟೈಪ್ ಪಟ್ಟಿಯಲ್ಲಿಲ್ಲ, ‘ಡೇಟ್‌ಟೈಮ್’ ಇದೆ. ‘ಡೇಟ್‌ಟೈಮ್’ಗೆ ಬದಲಾಯಿಸುವಾಗ ಎಲ್ಲ ಪ್ರದರ್ಶನಗಳಿಗೂ ಮಧ್ಯರಾತ್ರಿಯ ಸೊನ್ನೆ ಗಂಟೆಯನ್ನು ತುಂಬುವ ಅಭ್ಯಾಸವಿದೆ. ಹಾಗೆ ಮಾಡಿದರೆ ರಾತ್ರಿ ಆರಂಭವಾಗಿ ಬೆಳಗಿನ ಜಾವ ಮಂಗಳ ಹಾಡುವ ಆಟ, ಚೌಕಿಪೂಜೆಗೂ ಎಷ್ಟೋ ಗಂಟೆ ಮೊದಲೇ ಶುರುವಾದಂತೆ ದಾಖಲಾಗುತ್ತದೆ. ಆರಂಭಕ್ಕೊಂದು, ಮುಕ್ತಾಯಕ್ಕೊಂದು ಎಂದು ಎರಡು ಡೇಟಾ ಪ್ರಾಪರ್ಟಿಗಳನ್ನು ಇಟ್ಟು, ಗಂಟೆ ಗೊತ್ತಿರುವ ದಾಖಲೆಗಳಿಗೆ ಮಾತ್ರ ಅವನ್ನು ತುಂಬಿ, ಬರಿಯ ದಿನಾಂಕ ಗೊತ್ತಿರುವವುಗಳಿಗೆ ಅದನ್ನು ವರ್ಷ, ತಿಂಗಳು, ದಿನ ಎಂಬ ಮೂರು ಪೂರ್ಣಾಂಕಗಳಾಗಿ ಬರೆಯುವುದು ಸರಿ.